ಲಾಕ್ ಕಿತ್ತ ಅಣ್ಣನಿಗೆ

ಮಂಗಳವಾರ, ಮಧ್ಯಾಹ್ನ

ಅಣ್ಣನಿಗೆ,

ನಿನ್ನ ಕ್ಷೇಮವನ್ನು ಅತ್ತಿಗೆಯ ಹತ್ತಿರವೇ ಕೇಳಿಕೊಂಡೆ. ನಿನ್ನನ್ನು ಕೇಳುವ ಮನಸ್ಸಾಗಲಿಲ್ಲ. ನಿನ್ನೆ ಮೀಟಿಂಗ್‌ನಲ್ಲಿ ರೋಗಿಗೆ ಔಷಧಿ ಹರಿಸುವ ನಮ್ಮ ಪಂಪಿನ ತಂಡದ ಮುಖ್ಯಸ್ಥನ ಕುರ್ಚಿಯಲ್ಲಿ ಕೂತು, ಬಿಸ್ಕತ್ತು ಚಹಾದಲ್ಲಿ ಅದ್ದುತ್ತಾ, ಆಸ್ಪತ್ರೆಯ ನರ್ಸ್ ತಪ್ಪು ಗುಂಡಿ ಒತ್ತಿರಬೇಕು ಅಂದೆಯಲ್ಲ, ಅದಕ್ಕೆ.

ಅಲ್ಲಿಂದ ಎದ್ದವಳು ನೇರ ಆ ನರ್ಸ್ ಮನೆಗೆ ಹೋದೆ. ಅವಳನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಹೋದ ವಾರ ಔಷಧಿಯ ವೇಗ ಇಳಿಸಿದ್ದೆ ಮೇಡಂ, ಪರದೆಯಲ್ಲೂ ಇಳಿದದ್ದು ಕಂಡಿತು, ಪಂಪ್ ಮಾತ್ರ ಹಳೆಯ ವೇಗದಲ್ಲೇ ಓಡಿತು, ಯಾರೂ ನಂಬುತ್ತಿಲ್ಲ ಎಂದಳು. ರೋಗಿಗೆ ಜೀವವಿದೆ, ಎಚ್ಚರವಿಲ್ಲ.

ನಾನು ನಂಬಿದೆ. ಆ ಹೊಸ ಪಂಪಿನ ಮೂಲ ಕೋಡಾದ ಕರ್ನಲ್‌ನಲ್ಲಿ ನೀನು ಲಾಕ್ ಕಿತ್ತ ಜಾಗ ನನಗೆ ಗೊತ್ತು. ಚಿಪ್ಪಿನೊಳಗೆ ಲೆಕ್ಕ ಮಾಡುವ ಕೋರ್ ಎರಡು. ಪರದೆಯ ಕೋರ್ ಮೊದಲು ಹೊಸ ವೇಗ ಬರೆದು, ಆಮೇಲೆ ‘ಸಿದ್ಧ’ ಎಂದು ಗುರುತು ಹಾಕುತ್ತದೆ. ಮೋಟಾರಿನ ಕೋರ್ ಗುರುತು ಕಂಡ ಮೇಲೆ ವೇಗ ಓದುತ್ತದೆ. ಹಳೆಯ ಪಂಪಿನ ಚಿಪ್‌ನಲ್ಲಿ ಒಂದು ಕೋರ್ ಬರೆದ ಕ್ರಮದಲ್ಲೇ ಇನ್ನೊಂದಕ್ಕೆ ಎಲ್ಲ ಕಾಣುತ್ತಿತ್ತು. ಹೊಸದಕ್ಕೆ ಆ ಶಿಸ್ತಿಲ್ಲ. ಕಟ್ಟಿ ಹಾಕದಿದ್ದರೆ ಗುರುತು ಮುಂದೆ ಓಡಿ, ವೇಗ ಹಿಂದೆ ಉಳಿದೀತು. ಮೋಟಾರು ಹಳೆಯದನ್ನೇ ಓದಿ, ಗುರುತು ಅಳಿಸಿ, ತನ್ನ ಪಾಡಿಗೆ ತಿರುಗುತ್ತದೆ. ವೇಗ, ಗುರುತು ಎರಡನ್ನೂ ಕ್ರಮದಲ್ಲಿ ಕಟ್ಟಿ ಹಾಕಿದ್ದದ್ದು ಆ ಲಾಕ್ ಒಂದೇ. ಪರದೆ ತಡವರಿಸುತ್ತದೆ, ಗಿರಾಕಿಗಳೆದುರು ಮರ್ಯಾದೆ ಹೋಗುತ್ತದೆ ಎಂದು ಅದನ್ನೇ ಕಿತ್ತೆ.

ನಾನು ವಾಪಸ್ ಹಾಕಿಕೊಟ್ಟರೆ ಬೇಡವೆಂದೆ. ತಪ್ಪು ಹಿಡಿಯಲು ನಾನು ನಡುವೆ ಸೇರಿಸಿದ ಓದಿದ್ದನ್ನು ಬರೆದು ತೋರಿಸುವ ಒಂದು ಪ್ರಿಂಟ್ ಸಾಲು ಕೆಲಸವನ್ನು ಚೂರು ನಿಧಾನಗೊಳಿಸಿ ತಪ್ಪನ್ನೇ ಮುಚ್ಚಿಹಾಕಿದಾಗ, ನೀನು ಅದನ್ನೇ ಮದ್ದು ಮಾಡಿಕೊಂಡೆ! ಓದುವ ಮೊದಲು ಸ್ವಲ್ಪ ಕಾಯಿಸಿದರೆ ಸಾಕು ಪುಟ್ಟಿ, ತಲೆ ತಿನ್ನಬೇಡ ಅಂದೆ. ಕಾಯಿಸಿದರೆ ತಪ್ಪು ಅಪರೂಪವಾಗುತ್ತದೆ, ಇಲ್ಲವಾಗುವುದಿಲ್ಲ. ಇದನ್ನು ನನಗೆ ಕಲಿಸಿದವನೇ ನೀನು. ಥೂ, ಅಸಹ್ಯ ಅಣ್ಣ! ಹೊಲಸಿನ ಮೇಲೆ ಚಾಪೆ ಹಾಸಿ, ನಾತ ಎಂದವರನ್ನೇ ಬೈಯುತ್ತಿದ್ದೀಯ.

ಇವತ್ತು ಬೆಳಿಗ್ಗೆ ನೀನು ಹಾಕಿದ ಕಾಯಿಸುವ ಸಾಲು ತೆಗೆದು, ಎರಡೂ ಕೋರ್‌ಗಳನ್ನು ಬಿಡದೆ ಓಡಿಸಿದೆ. ಪರದೆಯಲ್ಲಿ ಒಂದು ವೇಗ, ಮೋಟಾರಿನಲ್ಲಿ ಇನ್ನೊಂದು. ಅದರ ದಾಖಲೆಯನ್ನು ಪಂಪ್ ಕೊಂಡ ಎಲ್ಲ ಆಸ್ಪತ್ರೆಗಳಿಗೂ, ಪರವಾನಗಿ ಕೊಡುವ ಕಚೇರಿಗೂ ಕಳಿಸಿದ್ದೇನೆ. ಲಾಕ್ ಮರಳಿ ಹಾಕಿದ ಕೋಡ್‌ನಲ್ಲಿ, ತಪ್ಪು ತಿಳಿಸಿದವರು ಎಂಬ ಕಡೆ ಆ ನರ್ಸ್ ಹೆಸರು ಹಾಕಿದ್ದೇನೆ. ನನ್ನ ಕೆಲಸ ಹೋಗುತ್ತದೆ. ಹೋಗಲಿ, ನಿನ್ನ ಎದುರು ಮೇಜಿನಲ್ಲಿ ಇನ್ನು ಕೂರಲಾರೆ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಕಾಯಿಸಿದರೆ ಸಾಕೆಂದು ನೀನು ನಿಜಕ್ಕೂ ನಂಬಿದ್ದೀಯ ಎಂದೇ ನಿನ್ನೆ ಸಂಜೆಯವರೆಗೂ ತಿಳಿದಿದ್ದೆ. ಆಮೇಲೆ ಅಪ್ಪನ ಆಪರೇಷನ್ ಯಾವಾಗ ಎಂದು ಕೇಳಲು ಡಾಕ್ಟರಿಗೆ ಫೋನ್ ಮಾಡಿದೆ. ನಮ್ಮ ತಂದೆಗೆ ಹೊಸ ಪಂಪ್ ಮಾತ್ರ ಬೇಡ, ಹಳೆಯದನ್ನೇ ಹಾಕಿ ಎಂದು ನೀನು ಹೋದ ತಿಂಗಳೇ ಹೇಳಿಟ್ಟಿದ್ದೀಯಂತೆ.