ಆನೆ ಚಿತ್ರದ ನೋಟು

ಜೂನ್ ೧೪, ಶನಿವಾರ

ಕಾರು ಮಾರಿದ್ದಾಯಿತು. ಆದರೂ ನಿದ್ದೆ ಹತ್ತುತ್ತಿಲ್ಲ.

ಕೊಳ್ಳಲು ಬಂದವನು ಗಡಿಯಾಚೆಯ ಅರುಷಾ ಊರಿನವನಂತೆ. ಬ್ಯಾಗು ತುಂಬ ತಂದದ್ದು ಟಾಂಜಾನಿಯಾದ ಶಿಲ್ಲಿಂಗ್! ಆನೆ ಚಿತ್ರದ ಆ ನೋಟನ್ನು ನಾನು ಮುಟ್ಟಿದ್ದೇ ಇವತ್ತು. ಖೋಟಾ ಎಂದೇ ಅಂದುಕೊಂಡೆ. ಬೆಳಕಿಗೆ ಹಿಡಿದೆ, ಉಗುರಿನಿಂದ ಕೆರೆದೆ, ಮೇಜಿನ ಮೇಲೆ ಸಾಲಾಗಿ ಹರಡಿ ಫೋಟೋ ತೆಗೆದೆ. ಅದೂ ಸಾಲದೆ, ಅವನನ್ನು ಕರೆದುಕೊಂಡು ಇಲ್ಲೇ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ವಿದೇಶಿ ನೋಟು ಬದಲಿಸಿಕೊಡುವ ಫಾರೆಕ್ಸ್ ಅಂಗಡಿಗೆ ಹೋದೆ. ಮಷೀನಿಗೆ ಹಾಕಿ ನೋಡಿದರು. ಎಲ್ಲವೂ ಅಸಲಿ.

ಅವನು ಒಮ್ಮೆಯೂ ಬೇಸರಿಸಲಿಲ್ಲ. "ಹಕುನಾ ಶಿದಾ, ಬಾಸ್", ಏನೂ ತೊಂದರೆಯಿಲ್ಲ, ಎಂದು ನಗುತ್ತಲೇ ಇದ್ದ. ನನಗೇ ನಾಚಿಕೆಯಾಗಿ ಅಲ್ಲೇ ಕೀ ಕೊಟ್ಟುಬಿಟ್ಟೆ. ಕಾರಿನ ಕಾಗದದಲ್ಲಿ ಹೆಸರು ಬದಲಾವಣೆ ಸೋಮವಾರ ಮಾಡೋಣ ಎಂದ. ಆಗಲಿ ಎಂದೆ.

ಊಟಕ್ಕೆ ಕೂತಾಗ ಹೆಂಡತಿ ಶೈಲಜಾ ಕೇಳಿದಳು: "ನೋಟನ್ನೆಲ್ಲ ಅಷ್ಟು ಚೆಕ್ ಮಾಡಿದ್ರಲ್ಲ, ಅವನ ಐಡಿ ನೋಡಿದ್ರಾ?"

ನೋಡಿರಲಿಲ್ಲ. ತಟ್ಟೆ ಸರಿಸಿ ಅವನಿಗೆ ಫೋನ್ ಮಾಡಿದೆ.

ಬಾನೆಟ್ ಕೂಡ ಎತ್ತಿ ನೋಡದೆ ಹಳೇ ಕಾರನ್ನು ಯಾರಾದರೂ ಕೊಳ್ಳುತ್ತಾರಾ? ಆಗಿನಿಂದ ಅವನ ಫೋನು ಸ್ವಿಚ್ ಆಫ್. ನನ್ನ ಹೆಸರಿನ ಕಾರು ಈಗ ಯಾವ ರಸ್ತೆಯಲ್ಲಿ, ಏನನ್ನು ಹೊತ್ತುಕೊಂಡು ಓಡುತ್ತಿದೆಯೋ. ನನ್ನ ಫೋನಿನಲ್ಲಿ ನೂರಾರು ಆನೆಗಳಿವೆ. ಅವನ ಮುಖ ಒಂದರಲ್ಲೂ ಇಲ್ಲ.