ಕೆಂಪಾಜಮ್ಮನಿಗೊಂದು ಪಿ.ಪಿ. ಕಾಲ್

ಫೆಬ್ರವರಿ 7, 1969. ಶುಕ್ರವಾರ, ಬೆಳಗಿನ ಜಾವ 3.10

ಗುರ್‌ಗುರ್ ಸದ್ದಿಗೆ ಎಚ್ಚರ. ಬೈಕು ಬಂತೆಂದು ಎದ್ದು ಕೂತೆ. ಪಾಪುವಿನ ಮೂಗು ಕಟ್ಟಿದೆ, ಅಷ್ಟೇ. ಇವರು ನಿನ್ನೆ ಸಂಜೆ ತಾನೇ ಹೊರಟದ್ದು.

ಮೈಸೂರಿನ ಸಾಹುಕಾರರೊಬ್ಬರ ಜಾವಾ ಬೈಕು, ಸಂಬಳಕ್ಕೆ ಓಡಿಸುವವರು ಇವರು. ಲಾರಿಯಲ್ಲಿ ಗಾಡಿ, ಗಾಡಿ ಪಕ್ಕ ಇವರು, ಮದ್ರಾಸಿಗೆ. ಶೋಲಾವರಂನ ಹಳೇ ರನ್‌ವೇ ಮೇಲೆ ನಾಳೆ ಪ್ರಾಕ್ಟೀಸ್, ನಾಡಿದ್ದು ರೇಸ್.

ಅತ್ತೆಗೆ ಹೇಳಿರುವುದು — ಗ್ಯಾರೇಜಿಗೆ ಸ್ಪೇರ್ ಪಾರ್ಟ್ ತರಲು ಅಂತ. ಹೋದ ವರ್ಷ ಬಿದ್ದು ಭುಜ ಮುರಿದುಕೊಂಡಾಗ, ಇನ್ನು ರೇಸಿಗೆ ಹೋಗುವುದಿಲ್ಲ ಎಂದು ಮಾದಪ್ಪನ ಮೇಲೆ ಆಣೆ ಮಾಡಿಸಿದ್ದರು. ನಾನು ಬಿ.ಎ. ಓದಿದವಳು, ಆಣೆಗೀಣೆ ನಂಬುವುದಿಲ್ಲ. ಇಷ್ಟು ಹೊತ್ತಿನಲ್ಲಿ ನಂಬುತ್ತೇನೆ.

8, ಶನಿವಾರ ಮಧ್ಯಾಹ್ನ

ಪ್ರಾಕ್ಟೀಸ್ ಮುಗಿದಿರಬೇಕು. ಅನ್ನ ಸೇರುತ್ತಿಲ್ಲ.

ಫೋನ್ ಇರುವುದು ಎದುರು ಮನೆಯ ಶಿವರತ್ನಮ್ಮನವರಲ್ಲಿ, ರೇಷ್ಮೆ ವ್ಯಾಪಾರದವರು. ನನ್ನ ಹೆಸರಿಗೆ ಕಾಲ್ ಬಂದರೆ ಅತ್ತೆ ಕಿವಿಗೆ ಬೀಳುವುದು ಖಂಡಿತ. ಅದಕ್ಕೇ ಇವರ ಉಪಾಯ — ರೇಸ್ ಮುಗಿದ ಮೇಲೆ ಪಿ.ಪಿ. ಕಾಲ್. ಇಂಥವರೇ ಬೇಕು ಅಂತ ಹೆಸರು ಹೇಳಿ ಟ್ರಂಕ್ ಕಾಲ್ ಬುಕ್ ಮಾಡುವುದು; ಆಪರೇಟರ್ ಆ ಹೆಸರು ಹೇಳಿ ಕೇಳುತ್ತಾರೆ. ಇಲ್ಲದವರ ಹೆಸರು. ಕೆಂಪಾಜಮ್ಮ ಅಂದರೆ ಕ್ಷೇಮ. ಗುರುಸಿದ್ದಮ್ಮ ಅಂದರೆ ಬಿದ್ದೆ. ನಾನು ಅಲ್ಲೇ ಕೂತಿದ್ದು ರಿಸೀವರ್ ಎತ್ತಿ, ಹೆಸರು ಕೇಳಿಸಿಕೊಂಡು, ಅಂಥವರಿಲ್ಲ ಅಂದು ಇಟ್ಟುಬಿಡಬೇಕು.

"ಎರಡನೇ ಹೆಸರು ಬೇಡ" ಅಂದಿದ್ದೆ.

"ಇರ್ಲಿ ಕಣಮ್ಮಿ. ಗುರುಸಿದ್ದಮ್ಮ ನಮ್ಮ ಮೂರ್ನೇ ಕ್ಲಾಸ್ ಮೇಡಮ್ಮು. ಅವ್ರ ಏಟು ತಿಂದು ಉಳ್ಕಂಡೋನು ರೇಸ್ನಲ್ಲಿ ಸಾಯ್ತೀನಾ?"

ಆಗ ನಕ್ಕಿದ್ದೆ.

9, ಭಾನುವಾರ ರಾತ್ರಿ 9.00

ಸಂಜೆಯಿಂದ ಶಿವರತ್ನಮ್ಮನವರ ಮನೆಯಲ್ಲೇ ಕೂತೆ, ಹೂ ಕಟ್ಟುವ ನೆಪ. ಪಾಪು ಮೈಮೇಲೆಲ್ಲ ವಾಂತಿ ಮಾಡಿಕೊಂಡಿತು. ಮನೆಗೆ ಓಡಿ ಬಟ್ಟೆ ಬದಲಿಸಿ ಬರುವಷ್ಟರಲ್ಲಿ... ಕಾಲ್ ಬಂದು ಹೋಗಿದೆ.

"ಯಾವಮ್ಮನ್ನೋ ಕೇಳುದ್ರು ಕಣವ್ವ, ಮದ್ರಾಸಿಂದ. ಅಂತೋರು ಇಲ್ಲಿಲ್ಲ ಅಂದ್ಬುಟ್ಟೆ."

"ಯಾವಮ್ಮ?"

"ಲೈನು ಬರೀ ಗೊರ್ ಅಂತಿತ್ತು. ನೆಪ್ಪಿಲ್ಲ."

"ಕೆಂಪಾಜಮ್ಮನಾ?"

"ಊಂ. ಅದೇ ಇರ್ಬೇಕು."

ಹೋದ ಜೀವ ಬಂತು. ಅಲ್ಲಿಗೇ ಸುಮ್ಮನಿರಬೇಕಿತ್ತು ನಾನು.

"ಗುರುಸಿದ್ದಮ್ಮನಾ?"

"ಅದೂ ಇರ್ಬೋದು. ಕೊನೀಗೆ ಅಮ್ಮ ಅಂದಿದ್ದು ಮಾತ್ರ ದಿಟ. ಯಾರವ್ವ ಅವ್ರು, ನಿಮ್ ನೆಂಟ್ರಾ?"

ಎಕ್ಸ್‌ಚೇಂಜಿಗೆ ಕೇಳಿದೆ. ಮದ್ರಾಸಿನ ಆಪರೇಟರೇ ನೇರ ಮಾತಾಡಿದ್ದು, ಹೆಸರು ಗೊತ್ತಿಲ್ಲ ಅಂದರು. ಇವರು ಇಳಿದುಕೊಂಡ ಲಾಡ್ಜ್ ಯಾವುದು? ಕೇಳಿಟ್ಟುಕೊಂಡಿಲ್ಲ.

ಕಾಲ್ ಮಾಡಿದ್ದು ಇವರೇನಾ? ಆ ಹೆಸರನ್ನು ಬೇರೆ ಯಾರ ಕೈಲಾದರೂ ಹೇಳಿಸಬಹುದಲ್ಲ. ಆಸ್ಪತ್ರೆಯಿಂದ...

ರಾತ್ರಿ 1.40

ಶಿವರತ್ನಮ್ಮನವರ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿಯಾಚೆಗೇ ಫೋನು. ಬಾಗಿಲು ತೆಗೆದೇ ಮಲಗಿದ್ದಾರೆ, ಪುಣ್ಯಾತ್ಗಿತ್ತಿ.

ತಡೆಯಲಾಗದೆ ಅತ್ತೆಗೆ ಹೇಳಿಬಿಟ್ಟೆ. ಬೈಯಲಿಲ್ಲ. ಪಾಪುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು.

"ಸ್ಪೇರ್ ತರಾಕೋಗೋನು ಎಲ್ಮೆಟ್ ಯಾಕ್ ತಕಂಡೋದ ಅಂತ ಅವತ್ತೇ ಅನ್ಕಂಡೆ ಕಣವ್ವ. ನಿಂಗೊತ್ತಿಲ್ಲ, ಗೊತ್ತಾದ್ರೆ ಎದ್ರುಕತೀಯ, ಎದೆಹಾಲು ಬತ್ತೋಯ್ತದೆ ಅಂತ ನಾನೂ ಬಾಯಿ ಬುಡ್ನಿಲ್ಲ."

ಈಗ ನನ್ನ ಪಕ್ಕದಲ್ಲೇ ಕಂಬಕ್ಕೊರಗಿ ಕೂತಿದ್ದಾರೆ. ಕಣ್ಣು ಮುಚ್ಚಿದ್ದಾರೆ, ತುಟಿ ಆಡುತ್ತಿದೆ. ಮಾದಪ್ಪನಿಗೆ ತಪ್ಪುಕಾಣಿಕೆ ಹೇಳಿಕೊಳ್ಳುತ್ತಿದ್ದಾರೇನೋ.

ರೀ, ಇನ್ನು ಯಾರಿಂದಲೂ ಮುಚ್ಚಿಡುವುದೇನಿಲ್ಲ. ಇಲ್ಲದವರನ್ನು ಕೇಳಬೇಡಿ. ನನ್ನ ಹೆಸರು ಹೇಳಿ, ಬೀದಿಗೆಲ್ಲ ಕೇಳಲಿ. ಬಿದ್ದಿದ್ದರೆ ಬಿದ್ದೆ ಅನ್ನಿ, ನಿಮ್ಮ ಬಾಯಿಂದಲೇ ಅನ್ನಿ. ಬೆಳಗಾಗುವುದರೊಳಗೆ ಒಂದೇ ಒಂದು ಸಲ ಫೋನ್ ಮಾಡಿ, ನಿಮ್ಮ ದಮ್ಮಯ್ಯ, ನಾನು ಇಲ್ಲೇ, ಫೋನ್ ಪಕ್ಕದಲ್ಲೇ —