ಅವರ ಪಾಲಿನ ವಚನ

ಗುರುವಾರ, ಜುಲೈ ೧೧

ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದೂ ಒಗೆದೂ ಭುಜ ಸೋತುಹೋಗಿದೆ. ಪೆನ್ನು ಹಿಡಿಯಲೂ ಬೇಸರ. ಆದರೂ ಇದನ್ನು ಬರೆಯದೆ ಮಲಗಲಾರೆ.

ಮೈದುನ ತೀರಿಕೊಂಡಾಗಿನಿಂದ ನಮ್ಮ ಯಜಮಾನರು ಪ್ರಾರ್ಥನೆಗೆ ಕೂರುವುದಿಲ್ಲ. ಎತ್ತಿ ಆಡಿಸಿ ಬೆಳೆಸಿದ ತಮ್ಮ. ಮೊದಲು ಸತ್ಯವೇದದ ಒಂದು ವಚನ ಅವರು, ಒಂದು ನಾನು ಓದುತ್ತಿದ್ದೆವು. ಈಗ ಅವರ ಪಾಲಿನದನ್ನೂ ನಾನೇ ಓದುತ್ತೇನೆ. "ಅವನಿಗೋಸ್ಕರ ಅಷ್ಟು ಬೇಡ್ಕೊಂಡೆ, ದೇವ್ರು ಕೇಳಿಸ್ಕೊಂಡನಾ? ಇನ್ನು ನೀನೇ ಮಾತಾಡ್ಕೋ ಕಣೇ" ಎಂದು ಅಡುಗೆಮನೆಗೆ ಎದ್ದು ಹೋಗುತ್ತಾರೆ.

ಇವತ್ತು ಪ್ರವಾದಿ ಎಲೀಯನ ಭಾಗ. ಸಾಕು ದೇವರೇ, ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಮಲಗಿಬಿಟ್ಟವನು. ದೇವರು ಅವನನ್ನು ಬೈಯಲಿಲ್ಲ, ನಿದ್ದೆ ಮಾಡಲು ಬಿಟ್ಟನು. ಅದೇ ನನಗೆ ದೊಡ್ಡ ಸಮಾಧಾನ. ಮುಂದಿನ ವಚನದಲ್ಲಿ ದೇವದೂತನು ಅವನನ್ನು ಮುಟ್ಟಿ, ಎದ್ದು ಊಟ ಮಾಡು ಅನ್ನುತ್ತಾನೆ. ಅದು ಯಜಮಾನರ ಪಾಲಿನದು. ಅಲ್ಲಿಗೆ ಬರುವಷ್ಟರಲ್ಲಿ ಸತ್ಯವೇದದ ಮೇಲೆಯೇ ತಲೆಯಿಟ್ಟು ನಿದ್ದೆಹೋಗಿದ್ದೆ.

ಭುಜದ ಮೇಲೆ ಕೈ ಬಿತ್ತು.

"ಏಯ್, ಎದ್ದು ಊಟ ಮಾಡೇ. ಹೊಟ್ಟೆಗಿಲ್ದೆ ಎಷ್ಟು ದಿನ ಹೀಗೆ ದುಡೀತೀಯ?"

ತಟ್ಟೆಯಲ್ಲಿ ಬಿಸಿ ರೊಟ್ಟಿ, ಒಂದು ಕಡೆ ಸೀದಿತ್ತು.

"ನಿಮ್ಮ ಪಾಲಿಂದು ಓದ್ಬಿಟ್ರಲ್ಲ ರೀ" ಅಂದೆ.

"ನಾನೇನು ಓದ್ದೆ? ಸುಮ್ನೆ ತಿನ್ನು."

ನಾನು ತಿಂದು ಮುಗಿಸುವವರೆಗೂ ಎದ್ದು ಹೋಗಲಿಲ್ಲ. ತೆರೆದ ಪುಸ್ತಕದ ಪಕ್ಕದಲ್ಲೇ ಕೂತಿದ್ದರು. ನಾಳೆ ನನ್ನ ವಚನ ಮಾತ್ರ ಓದಿ ಸುಮ್ಮನಾಗಬೇಕು. ಅವರು ಬಾಯಿ ತೆರೆಯದಿದ್ದರೂ ಕಾಯುತ್ತೇನೆ. ಕರ್ತನೇ, ನೀನೂ ಸ್ವಲ್ಪ... ಕಣ್ಣು ಎಳೆಯುತ್ತಿದೆ.